ಸಾಮಾನ್ಯ ಕೂದಲು

ತಪ್ಪು ಲ್ಯಾಬಿನ ಹುಡುಗಿಯದೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಲವತ್ತು ಜನರ ಮೈಯಲ್ಲಿ, ಮೊದಲೇ ಮಾತಾಡಿಕೊಂಡವರ ಹಾಗೆ, ಒಂದೇ ವರ್ಷದಲ್ಲಿ ಪಾದರಸ ಏರುವುದುಂಟೆ? ನಾಲ್ಕು ದಿನ ಜ್ವರವೆಂದು ಮನೆಯಲ್ಲಿ ಮಲಗಿ ಬಂದರೆ ಮೇಜಿನ ಮೇಲೆ ಈ ಹಾಳೆ ಕಾದಿತ್ತು. ಬಂದರಿನ ನಲವತ್ತು ಜನರ ಕೂದಲಿನ ಪರೀಕ್ಷೆ. ಒಬ್ಬೊಬ್ಬರ ನಂಬರಿನ ಮುಂದೆಯೂ ‘ಹೆಚ್ಚು’, ‘ಹೆಚ್ಚು’, ‘ಬಹಳ ಹೆಚ್ಚು’. ಕಳೆದ ಐದು ವರ್ಷ ಆ ಜಾಗದಲ್ಲೆಲ್ಲ ‘ಸಾಮಾನ್ಯ’ ಎಂದು ಬರೆದು ಅವನ ಬೆರಳಿಗೆ ಆ ಪದ ಎಷ್ಟು ರೂಢಿಯಾಗಿತ್ತೆಂದರೆ, ಹೊಸ ಪೆನ್ನು ಕೊಂಡಾಗ ಅಂಗಡಿಯವನ ಚೀಟಿಯ ಮೇಲೂ ಅದನ್ನೇ ಗೀಚಿ ನೋಡುತ್ತಿದ್ದ. ಗಾಜಿನ ನಳಿಕೆಯನ್ನು ಮೂರು ಸಲ ತೊಳೆಯುವ ಕಡೆ ಎರಡು ಸಲ ತೊಳೆದಿರಬೇಕು ಎಂದುಕೊಂಡ. ಕೋಪವೂ ಬರಲಿಲ್ಲ. ಬೇರೆಯವರ ತಪ್ಪನ್ನು ಹಿಡಿಯುವ ಮುಂಚಿನ ಆ ಐದು ನಿಮಿಷ ಅವನಿಗೆ ಯಾವಾಗಲೂ ಹಿತವಾಗಿರುತ್ತಿತ್ತು.

ಹಾಳೆ ಓದುತ್ತಲೇ ಬೆಳಿಗ್ಗೆ ಬರುವಾಗ ಕಾರಿಡಾರಿನ ಬೆಂಚಿನಲ್ಲಿ ಕಂಡ ಹೆಂಗಸು ನೆನಪಾದಳು. ಬಂದರಿನಲ್ಲಿ ಮೀನು ಆರಿಸುವವಳು. ದೋಣಿ ಸುರಿದ ರಾಶಿಯನ್ನು ಉದ್ದನೆಯ ಮೇಜಿನ ಮೇಲೆ ಹರವಿ ಚಿಕ್ಕದು, ನಡುವಿನದು, ದೊಡ್ಡದು ಎಂದು ಬೇರೆ ಮಾಡುವುದು ಅವಳ ಕೆಲಸ. ಏಳು ತಿಂಗಳ ಬಸುರಿ. ಪಕ್ಕದಲ್ಲಿ ಆರು ವರ್ಷದ ಮಗಳು. “ಮೂರು ಗಂಟೆಗೆ ಬಾ ಅಂದಿದ್ನಲ್ಲಮ್ಮ, ಈಗಿನ್ನೂ ಹತ್ತು,” ಎಂದಿದ್ದ ಅವನು. “ಮನೇಲಿ ಕೂತು ಕಾಯೋದಕ್ಕಿಂತ ಇಲ್ಲಿ ಕೂತು ಕಾಯೋದೇ ವಾಸಿ ಸಾರ್,” ಎಂದು ನಕ್ಕಿದ್ದಳು. ಮಗು ತನ್ನ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿತ್ತು. ಮೇಲಿನ ಗುಂಡಿ ಕೆಳಗಿನ ತೂತಿಗೆ, ಕೆಳಗಿನದು ಎಲ್ಲಿಗೂ ಇಲ್ಲ. ಅವನು ಬಗ್ಗಿ ಅದರ ಕೆನ್ನೆ ತಟ್ಟಿ, “ಏನು ಪುಟ್ಟಿ, ಮಾತಾಡಲ್ವಾ?” ಎಂದ. ಮಗು ಬಾಯಿ ತೆರೆಯಿತು, ಮಾತು ಬರಲು ತಡವಾಯಿತು. ಕಾಯುವಷ್ಟು ಹೊತ್ತು ಅವನಿಗಿರಲಿಲ್ಲ.

ಲ್ಯಾಬಿನಲ್ಲಿ ಎಲ್ಲರೂ ಅವನನ್ನು ದೊಡ್ಡ ಸಾರ್ ಎನ್ನುತ್ತಿದ್ದರು. ಹಿರಿಯ ವಿಶ್ಲೇಷಕ ಅವನು. ಈ ಹಾಳೆ ಬರೆದವಳನ್ನು ಹೊಸ ಹುಡುಗಿ ಎನ್ನುತ್ತಿದ್ದರು. ಬಂದು ಮೂರು ವರ್ಷವಾದರೂ ಆ ಹೊಸತು ಹೋಗಿರಲಿಲ್ಲ. ಅವಳು ಬರೆದ ಕರಡುಗಳಲ್ಲಿ ‘ಇರಬಹುದು’ ಎಂಬ ಪದ ಕಂಡಲ್ಲೆಲ್ಲ ಅವನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದ. “ಇರಬಹುದು ಅನ್ನೋದಕ್ಕೆ ನಾವು ಯಾಕೆ ಬೇಕು? ದಾರೀಲಿ ಹೋಗೋ ದಾಸಯ್ಯನೂ ಅಂತಾನೆ ಅದನ್ನ. ಇದ್ದರೆ ಇದೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು.” ಹಾಗೆ ಹೇಳುವಾಗ ಅವನ ದನಿ ಇಡೀ ಕೋಣೆಗೆ ಕೇಳುತ್ತಿತ್ತು. ಅದು ಅವನಿಗೆ ಗೊತ್ತಿತ್ತು, ಕೇಳಲೆಂದೇ ಹೇಳುತ್ತಿದ್ದ. ಈಗ ಅವಳನ್ನು ಕರೆಸಿ, ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಏನಮ್ಮಾ ಇದು?” ಎಂದ.

“ಜಾಡಿ ಖಾಲಿಯಾಗಿತ್ತು ಸಾರ್,” ಎಂದಳು ಅವಳು. “ನಿಮ್ಮನ್ನ ಕೇಳೋಣ ಅಂದ್ರೆ...” ಅಷ್ಟಕ್ಕೇ ನಿಲ್ಲಿಸಿದಳು. ಒಂದು ಕ್ಷಣ, ಒಂದೇ ಕ್ಷಣ, ಅವಳ ಕಣ್ಣು ಅವನ ತಲೆಯ ಮೇಲೆ ಹೋಗಿ ಬಂತು.

ಅವನ ಕೈ ತಾನಾಗಿ ನೆತ್ತಿಗೆ ಹೋಯಿತು. ಅಲ್ಲಿ ಈಗ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಇದೇ ತಲೆ ಎಷ್ಟು ದಟ್ಟವಾಗಿತ್ತೆಂದರೆ, ಕ್ಷೌರದವನು ಕತ್ತರಿ ಮೊಂಡಾಗುತ್ತದೆ ಎಂದು ಗೊಣಗುತ್ತಿದ್ದ. ಮೀನಿನ ಪರೀಕ್ಷೆಗೆ ಇಷ್ಟೇ ಪಾದರಸ ಇದೆ ಎಂದು ಖಾತ್ರಿಯಿದ್ದ ಸೀಸೆಗಳು ಹೊರಗಿನಿಂದ ಬರುತ್ತಿದ್ದವು, ಕೂದಲಿನ ಪರೀಕ್ಷೆಗೆ ಅಂಥದ್ದು ಸಿಗುತ್ತಿರಲಿಲ್ಲ. ಆಗಿನ ಮುಖ್ಯಸ್ಥರು ಒಂದು ಉಪಾಯ ಮಾಡಿದರು. ಯಾರ ಮೈಯಲ್ಲಿ ಪಾದರಸವೇ ಇರಲಾರದೋ ಅಂಥವರ ಕೂದಲನ್ನು ಪುಡಿಮಾಡಿ ಜಾಡಿಯಲ್ಲಿಡೋಣ. ಯಂತ್ರಕ್ಕೆ ಮೊದಲು ಅದನ್ನು ತೋರಿಸಿ ‘ಇದು ಸಾಮಾನ್ಯ’ ಎಂದು ಗೆರೆ ಹಾಕೋಣ. ಬಂದರಿನವರ ಕೂದಲು ಆ ಗೆರೆಗಿಂತ ಮೇಲೋ ಕೆಳಗೋ ನೋಡೋಣ. ಅವನು ಆಗಷ್ಟೇ ಒಳನಾಡಿನಿಂದ ಬಂದಿದ್ದ, ಅದುವರೆಗೆ ಸಮುದ್ರದ ಮೀನನ್ನು ನಾಲಿಗೆಯ ಮೇಲಿಟ್ಟವನಲ್ಲ. “ಇಗೋ, ನಮ್ಮ ಸ್ವಚ್ಛ ಮನುಷ್ಯ,” ಎಂದು ಮುಖ್ಯಸ್ಥರು ಅವನನ್ನು ಸ್ಟೂಲಿನ ಮೇಲೆ ಕೂರಿಸಿ ತಾವೇ ಕತ್ತರಿ ಹಿಡಿದರು. ಎಲ್ಲರೂ ಸುತ್ತ ನಿಂತು ನಗುತ್ತಿದ್ದರು. ಅವನೂ ನಕ್ಕ, ಆದರೆ ಒಳಗೊಳಗೇ ಒಂದು ಹೆಮ್ಮೆ ಎದ್ದು ನಿಂತಿತ್ತು, ಅದು ಮತ್ತೆ ಕೂರಲೇ ಇಲ್ಲ. ಜಾಡಿಗೆ ಚೀಟಿ ಅಂಟಿಸಿದವನು ಅವನೇ: ಸಾಮಾನ್ಯ ಕೂದಲು. ಮುಖ್ಯಸ್ಥರು ಹೋದರು, ಯಂತ್ರದ ಅರ್ಧ ಭಾಗಗಳು ಬದಲಾದವು, ಆದರೆ ಪ್ರತಿ ವರ್ಷ ಜಾಡಿ ತುಂಬಿಸುವಾಗ ಅವನೇ ತಲೆ ಕೊಟ್ಟ. ಕ್ಷೌರದಂಗಡಿಯಿಂದ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದ. ಹೊಸ ಜಾಡಿಯನ್ನು ಹಳೆಯದರೊಂದಿಗೆ ಹೋಲಿಸಿಯೂ ನೋಡುತ್ತಿದ್ದ, ಅದರಲ್ಲಿ ಮೈಗಳ್ಳತನ ಮಾಡಿದವನಲ್ಲ. ಪ್ರತಿ ಸಲ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತಿತ್ತು. ಅಷ್ಟು ವ್ಯತ್ಯಾಸಕ್ಕೆ ಯಂತ್ರದಲ್ಲಿ ಮಾಫಿ ಇತ್ತು.

“ಖಾಲಿಯಾದರೆ ನನಗೆ ಫೋನು ಮಾಡಬೇಕಿತ್ತು.”

“ಮಾಡಿದ್ದೆ ಸಾರ್. ಅಮ್ಮಾವ್ರು ತಗೊಂಡ್ರು. ಜ್ವರ ಜಾಸ್ತಿ, ಎಬ್ಬಿಸಲ್ಲ ಅಂದ್ರು. ರಿಪೋರ್ಟು ಇವತ್ತು ಕೊಡಬೇಕಲ್ಲ, ಅದಕ್ಕೆ ನನ್ನ ಕೂದಲನ್ನೇ ಹಾಕಿದೆ.”

“ನಿನ್ನದು!” ಎಂದ ಅವನು. ನಗು ಬಂತು. ಇಷ್ಟು ಸುಲಭವಾಗಿ ತಪ್ಪು ಸಿಕ್ಕಿತಲ್ಲ ಎಂದು ಸ್ವಲ್ಪ ನಿರಾಸೆಯೂ ಆಯಿತು. “ನಿನ್ನ ತಲೆಗೆ ಏನೇನು ಎಣ್ಣೆ, ಏನೇನು ಶಾಂಪೂ. ಅದೊಂದು ಅಳತೆಗೋಲಾ?”

ಅವಳು ತಲೆ ತಗ್ಗಿಸಲಿಲ್ಲ. “ಮೂರು ಸಲ ತೊಳೆದೇ ಹಾಕಿದ್ದು ಸಾರ್. ನಾನು ಮೀನು ತಿನ್ನಲ್ಲ. ಮತ್ತೆ... ಹಳೇ ಜಾಡಿ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು. ಅದರಲ್ಲಿ ಸ್ವಲ್ಪ ತಗೊಂಡು ಸ್ಯಾಂಪಲ್ ಥರ ಹಾಕಿ ನೋಡಿದೆ. ಹಾಳೆಯ ಹಿಂದುಗಡೆ ಬರೆದಿದ್ದೀನಿ.”

ಅವನು ಹಾಳೆ ತಿರುವಿದ. ನಲವತ್ತೊಂದನೆಯ ಸಾಲು ಒಂಟಿಯಾಗಿ ಅಲ್ಲಿತ್ತು. ‘ಜಾಡಿ’ ಎಂದಷ್ಟೇ ಬರೆದಿದ್ದಳು. ಮುಂದೆ ಇದ್ದ ಅಂಕಿ ನಲವತ್ತು ಜನರಲ್ಲಿ ಯಾರ ಅಂಕಿಗಿಂತಲೂ ದೊಡ್ಡದಾಗಿತ್ತು. ಎರಡನೆಯವರಿಗೂ ಅದಕ್ಕೂ ಮೂರು ಪಟ್ಟು ಅಂತರ. ಎದುರಿನ ಪುಟದಲ್ಲಿ ಬರೆದರೆ ಯಾರಾದರೂ ನೋಡಿಯಾರು ಎಂದು ಹಿಂದೆ ಬರೆದಿದ್ದಾಳೆ ಎಂಬುದು ಅವನಿಗೆ ಅರ್ಥವಾಯಿತು, ಆ ಕನಿಕರದಿಂದ ಅಂಕಿಗಿಂತ ಹೆಚ್ಚು ಅವಮಾನವಾಯಿತು. “ನಾನೇ ಮಾಡ್ತೀನಿ, ಬಿಡು,” ಎಂದ. “ಮೊದಲಿಂದ ಮಾಡ್ತೀನಿ. ನೋಡಿ ಕಲಿ.”

ನೋಡಿ ಕಲಿ ಎಂದವನಿಗೆ ಪಿಪೆಟ್ಟನ್ನು ಹಿಡಿದ ಕೂಡಲೇ ಕೈ ಸಣ್ಣಗೆ ನಡುಗಿತು. ಜ್ವರದ ನಿಶ್ಶಕ್ತಿ ಎಂದುಕೊಂಡ. ಹೋದ ತಿಂಗಳು ಮನೆಯ ಬೀಗಕ್ಕೆ ಕೀಲಿ ಹಾಕುವಾಗಲೂ ಹೀಗೇ ಆಗಿತ್ತು, ಆಗ ಜ್ವರವಿರಲಿಲ್ಲ. ಹೆಂಡತಿ ಒಳಗಿನಿಂದ ಆ ಕಿರಿಕಿರಿ ಸದ್ದು ಕೇಳಿ ಬಾಗಿಲು ತೆಗೆದು, “ಏನ್ರೀ, ಕಳ್ಳರೂ ಇಷ್ಟು ಹೊತ್ತು ತಗೊಳ್ಳಲ್ಲ,” ಎಂದಿದ್ದಳು. ಅವಳು ಮೀನು ಮುಟ್ಟುವವಳಲ್ಲ. ಅಡುಗೆ ಮಾಡಿಕೊಡುತ್ತಾಳೆ, ಬಾಣಲೆ ಬೇರೆ ಇಟ್ಟಿದ್ದಾಳೆ, ತಾನು ತಿನ್ನುವುದಿಲ್ಲ. “ನೀವು ತಿನ್ನೋದು ಮೀನಲ್ಲ ಕಣ್ರೀ, ಸ್ಯಾಂಪಲ್ಲು,” ಎನ್ನುತ್ತಾಳೆ. ಅವನ ಉತ್ತರ ಯಾವಾಗಲೂ ಸಿದ್ಧ: ಪರೀಕ್ಷೆಯಾಗಿ ಪಾಸಾದ ಮೀನಿಗಿಂತ ಒಳ್ಳೆಯ ಮೀನು ಈ ಊರಲ್ಲಿ ಯಾರ ತಟ್ಟೆಗೆ ಬೀಳುತ್ತದೆ? ಲ್ಯಾಬಿನಲ್ಲಿ ಅದೊಂದು ಪದ್ಧತಿ. ತಲೆಯ ಹಿಂದೆ, ಬೆನ್ನಿನ ಮೇಲಿಂದ ಹೆಬ್ಬೆರಳಿನಷ್ಟು ತುಂಡು ತೆಗೆದರೆ ಪರೀಕ್ಷೆಗೆ ಸಾಕು. ಉಳಿದ ಮೀನನ್ನು ಮಂಜಿನ ಪೆಟ್ಟಿಗೆಯಲ್ಲಿಟ್ಟು, ಮಿತಿಯೊಳಗಿದೆ ಎಂದು ಗೊತ್ತಾದ ಮೇಲೆ ಶನಿವಾರ ಮಧ್ಯಾಹ್ನ ಹಂಚಿಕೊಳ್ಳುವುದು. ಗಾಜು ತೊಳೆಯುವವಳಿಗೆ ಬೆರಳುದ್ದದವು ಒಂದು ಹಿಡಿ, ಗುಮಾಸ್ತನಿಗೆ ಅಂಗೈಯಗಲದವು ಎರಡು, ದೊಡ್ಡ ಸಾರ್‌ಗೆ ಮೊಳದುದ್ದದ್ದು ಒಂದು. ಯಾರೂ ಬರೆದಿಟ್ಟ ಕಾನೂನಲ್ಲ, ಯಾರೂ ಮುರಿದವರೂ ಇಲ್ಲ. ಮೊದಲ ವರ್ಷ ಸಂಕೋಚಪಟ್ಟು ಒಯ್ದ, ಎರಡನೆಯ ವರ್ಷ ರುಚಿ ಹತ್ತಿತು, ಮೂರನೆಯ ವರ್ಷದಿಂದ ಶನಿವಾರ ಯಾರಾದರೂ ಚಿಕ್ಕದನ್ನು ಅವನ ಚೀಲಕ್ಕೆ ಹಾಕಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ.

ಯಂತ್ರ ಬಿಸಿಯಾಗುವವರೆಗೆ ಅರ್ಧ ಗಂಟೆ ಕಾಯಬೇಕಿತ್ತು. ಎದುರಿನ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಅವನ ನಕ್ಷೆಯಿತ್ತು, ಹನ್ನೊಂದು ವರ್ಷದಲ್ಲಿ ಬಂದರಿನ ಜನರ ಮೈಯ ಪಾದರಸ ಎಡದಿಂದ ಬಲಕ್ಕೆ ಇಳಿಯುತ್ತಾ ಬಂದ ಗೆರೆ. ನದಿಯ ಮೇಲಿನ ಬಣ್ಣದ ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿತ್ತು, ಅದು ಉಗುಳಿದ ಪಾದರಸ ಮಾತ್ರ ಅಳಿವೆಯ ಕೆಸರಿನಲ್ಲಿ ಕೂತಿತ್ತು. ಈ ನಕ್ಷೆ ನೋಡಿ ಮೇಲಿನವರು ಇನ್ನು ಕೆಸರು ತೆಗೆಸುವ ಅಗತ್ಯವಿಲ್ಲ ಎಂದು ನಿರ್ಧರಿಸಿದ್ದರು, ಅವನಿಗೆ ಶಾಲು ಹೊದಿಸಿದ್ದರು. ಶಾಲೆಗಳಿಗೆ ಕರೆದಲ್ಲೆಲ್ಲ ಹೋಗಿ ಅವನು ಕಪ್ಪುಹಲಗೆಯ ಮೇಲೆ ಏಣಿ ಬರೆಯುತ್ತಿದ್ದ. ಕೆಳಗಿನ ಮೆಟ್ಟಿಲಲ್ಲಿ ಪಾಚಿ, ಅದರ ಮೈಯಲ್ಲಿ ಒಂದು ಚುಕ್ಕಿ ವಿಷ. ಪಾಚಿ ತಿನ್ನುವ ಸಿಗಡಿಯಲ್ಲಿ ಹತ್ತು ಚುಕ್ಕಿ. ಸಿಗಡಿ ತಿನ್ನುವ ಚಿಕ್ಕ ಮೀನಿನಲ್ಲಿ ನೂರು, ಅದನ್ನು ನುಂಗುವ ದೊಡ್ಡ ಮೀನಿನಲ್ಲಿ ಸಾವಿರ. ತಿಂದದ್ದು ಹೊರಗೆ ಹೋಗುತ್ತದೆ ಮಕ್ಕಳೇ, ಪಾದರಸ ಬೇಗ ಹೋಗುವುದಿಲ್ಲ, ಬಂದ ನೆಂಟ ಹಾಗೇ ಠಿಕಾಣಿ ಹೂಡುತ್ತಾನೆ ಎನ್ನುತ್ತಿದ್ದ, ಮಕ್ಕಳು ನಗುತ್ತಿದ್ದವು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಒಂದು ಹದ್ದು ಬರೆಯುತ್ತಿದ್ದ. ಹದ್ದಿನ ಚಿತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು, ರೆಕ್ಕೆಯ ಗರಿಗಳನ್ನೆಲ್ಲ ಬಿಡಿಸುತ್ತಿದ್ದ. ಅಲ್ಲಿ ಚುಕ್ಕಿ ಹಾಕಲು ಸೀಮೆಸುಣ್ಣ ಮಲಗಿಸಿ ಉಜ್ಜಬೇಕಾಗುತ್ತಿತ್ತು.

ದೀಪದ ಬುಡದಲ್ಲಿ ಕತ್ತಲೆ ಎಂದು ಬೇರೆಯವರ ಬಗ್ಗೆ ಎಷ್ಟು ಸಲ ಹೇಳಿದ್ದಾನೋ. ಯಂತ್ರ ಅಂಕಿಗಳನ್ನು ತೋರಿಸಿತು. ಹುಡುಗಿಯ ಕೂದಲನ್ನು ಗೆರೆಯಾಗಿಟ್ಟರೆ ನಲವತ್ತು ಜನರೂ ಮೇಲೆ, ಜಾಡಿ ಎಲ್ಲರಿಗಿಂತ ಮೇಲೆ. ಗಾಜು ತೊಳೆಯುವವಳ ಕೂದಲನ್ನು ಇಟ್ಟು ನೋಡಿದ. ಅವಳದು ಹುಡುಗಿಗಿಂತ ಸ್ವಲ್ಪ ಮೇಲೆ, ಬೆರಳುದ್ದದ ಮೀನು ತಿಂದಷ್ಟೇ. ಗುಮಾಸ್ತನದು ಅವಳಿಗಿಂತ ಮೇಲೆ. ತನ್ನ ಕಿವಿಯ ಹಿಂದೆ ಉಳಿದಿದ್ದ ನಾಲ್ಕು ಎಳೆ ಕತ್ತರಿಸಿ ಹಾಕಿದ. ಅದು ಜಾಡಿಗಿಂತಲೂ ಮೇಲೆ ಹೋಗಿ ನಿಂತಿತು. ಶನಿವಾರದ ಚೀಲಗಳು ಯಾವ ಕ್ರಮದಲ್ಲಿ ಹೋಗಿದ್ದವೋ ಅದೇ ಕ್ರಮದಲ್ಲಿ ಅಂಕಿಗಳು ಸಾಲಾಗಿ ಕೂತಿದ್ದವು. ನಕ್ಷೆಯಲ್ಲಿ ಬಂದರಿನವರು ಇಳಿದಿರಲಿಲ್ಲ. ಅವನು ಏರಿದ್ದ. ವರ್ಷ ವರ್ಷ, ಯಂತ್ರ ಮಾಫಿ ಮಾಡುವಷ್ಟೇ ಏರಿದ್ದ, ತನ್ನ ತಲೆಯನ್ನೇ ಗೆರೆ ಮಾಡಿ ಅದರ ಕೆಳಗೆ ನಿಂತವರನ್ನೆಲ್ಲ ಚೆನ್ನಾಗಿದ್ದೀರಿ ಹೋಗಿ ಎಂದು ಕಳಿಸಿದ್ದ. ಲೆಕ್ಕ ಎಲ್ಲೂ ತಪ್ಪಿರಲಿಲ್ಲ, ಅದೇ ಅವನಿಗೆ ಸಹಿಸಲಾಗಲಿಲ್ಲ. ಒಂದು ಗುಣಾಕಾರ ತಪ್ಪಿದ್ದರೆ ಅದನ್ನು ತಿದ್ದಿ ಮನೆಗೆ ಹೋಗಬಹುದಿತ್ತು.

ಎರಡೂಮುಕ್ಕಾಲು. ಅವನ ತಲೆ ಆಗಲೂ ಚುರುಕಾಗಿಯೇ ಓಡಿತು, ಅದು ಓಡದೆ ಇದ್ದದ್ದೇ ಇಲ್ಲ. ಜಾಡಿಯ ತಳದಲ್ಲಿ ಇನ್ನೂ ಅರ್ಧ ಚಿಟಿಕೆ ಇತ್ತು. ನಿಯಮಕ್ಕೆ ಸಾಲದಿದ್ದರೂ ಅದನ್ನು ಗೆರೆ ಮಾಡಿದರೆ ನಲವತ್ತು ಜನರೂ ಹತ್ತು ನಿಮಿಷದಲ್ಲಿ ಸಾಮಾನ್ಯರಾಗುತ್ತಿದ್ದರು. ನಿವೃತ್ತಿಗೆ ಹದಿನಾಲ್ಕು ತಿಂಗಳು. ಆಮೇಲೆ ಹುಡುಗಿ ತನ್ನ ಹೆಸರಿನಲ್ಲೇ ಹೊಸ ವಿಧಾನ ಶುರುಮಾಡಲಿ, ಬೇಕಾದರೆ ತಾನೇ ಶಿಫಾರಸು ಬರೆದು ಕೊಡುವುದು. ಅವಳು ಕೈಕಟ್ಟಿ ಕಿಟಕಿಯ ಹತ್ತಿರ ನಿಂತಿದ್ದಳು, ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಗದರಬಹುದಿತ್ತು. ಬಾಗಿಲಿನ ಗಾಜಿನಲ್ಲಿ ಕಾರಿಡಾರು ಕಾಣುತ್ತಿತ್ತು. ಬೆಂಚಿನ ಮೇಲೆ ಆ ಮಗು ಇನ್ನೂ ಗುಂಡಿಯ ಕೆಲಸದಲ್ಲೇ ಇತ್ತು. ಬೆಳಿಗ್ಗೆ ಹತ್ತರಿಂದ ಐದು ಗುಂಡಿ. ಬೆರಳು ತೂತಿನ ಹತ್ತಿರ ಹೋಗುತ್ತಿತ್ತು, ನಡುಗಿ ಪಕ್ಕಕ್ಕೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಆ ನಡುಕ ಅವನಿಗೆ ಪರಿಚಯದ್ದಾಗಿತ್ತು. ಅವನು ತನ್ನ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ, ಆಮೇಲೆ ತೆಗೆದ. ಏಳು ವರ್ಷದ ಹಿಂದೆ ಇದೇ ಹೆಂಗಸು ಚೊಚ್ಚಲ ಬಸುರಿಯಾಗಿ ಇದೇ ಬೆಂಚಿನಲ್ಲಿ ಕೂತಿದ್ದಳು, ಅವಳಿಗೆ ಅವನು ಏನೋ ಹೇಳಿದ್ದ. ಏನು ಹೇಳಿದ್ದೆ ಎಂದು ನೆನಪಾಗಲಿಲ್ಲ. ಎಲ್ಲರಿಗೂ ಹೇಳುವುದನ್ನೇ ಹೇಳಿರಬೇಕು.

ಹುಡುಗಿಯ ಹಾಳೆಯನ್ನು ತೆಗೆದುಕೊಂಡು, ನಲವತ್ತೊಂದನೆಯ ಸಾಲಿನಲ್ಲಿ ‘ಜಾಡಿ’ ಎಂಬುದನ್ನು ಹೊಡೆದು ತನ್ನ ಹೆಸರು ಬರೆದು, ಕೆಳಗೆ ಸಹಿ ಹಾಕಿದ. ಸಹಿ ಸೊಟ್ಟಗೆ ಬಂತು. ಹೊರಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತ. ಹನ್ನೊಂದು ವರ್ಷದಲ್ಲಿ ಆ ಬೆಂಚಿನ ಮೇಲೆ ಅವನು ಕೂತದ್ದು ಅದೇ ಮೊದಲು, ಅದು ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ. ಹೆಂಗಸು ಗಾಬರಿಯಿಂದ ಏಳಹೋದಳು. “ಕೂತ್ಕೊಳಮ್ಮ,” ಎಂದ. ತಪ್ಪನ್ನೂ ಅವನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಹೇಳಿದ, ಫಲಿತಾಂಶ ಹೇಳುವ ಹಾಗೆ, ತಡವರಿಸದೆ.

“ನಿನ್ನ ಮೈಯಲ್ಲಿ ಪಾದರಸ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಹಿಂದಿನ ಸಲ ಸಾಮಾನ್ಯ ಅಂತ ಬರೆದುಕೊಟ್ಟಿದ್ದು ತಪ್ಪು. ತಪ್ಪು ನನ್ನದು. ನಿಮ್ಮೆಲ್ಲರ ಕೂದಲನ್ನ ನನ್ನ ಕೂದಲಿನ ಜೊತೆ ಹೋಲಿಸಿ ನೋಡ್ತಿದ್ದೆ. ನನ್ನ ಮೈಯಲ್ಲೇ ಎಲ್ಲರಿಗಿಂತ ಜಾಸ್ತಿ ಇತ್ತು. ಹಾಗಾಗಿ ನೀವೆಲ್ಲ ಚೆನ್ನಾಗಿರೋ ಥರ ಕಾಣಿಸಿದ್ರಿ. ಇನ್ನು ಮೇಲೆ ದೊಡ್ಡ ಮೀನು ಮುಟ್ಟಬೇಡ. ಚಿಕ್ಕದನ್ನೂ ಹೆರಿಗೆ ಆಗೋವರೆಗೆ ಬಿಟ್ಟುಬಿಡು.”

ಅವಳು ನಕ್ಕಳು. “ದೊಡ್ಡದನ್ನ ನಾವೆಲ್ಲಿ ತಿಂತೀವಿ ಸಾರ್. ಆರಿಸಿ ಪೆಟ್ಟಿಗೆಗೆ ಹಾಕೋದಷ್ಟೇ ನಮ್ಮ ಕೆಲಸ. ಅದು ಪೇಟೆಗೆ ಹೋಗತ್ತೆ. ನಿಮ್ಮಂಥೋರ ಮನೆಗೆ.”

ಅವನಿಗೆ ಉಸಿರು ಬಂದಂತಾಯಿತು. ಹಾಗಾದರೆ ಅಷ್ಟೇನೂ ಕೈಮೀರಿಲ್ಲ, ಚಿಕ್ಕ ಮೀನಿನದೇ ಆದರೆ ಇಳಿಸಬಹುದು, ಮುಂದಿನ ವಾರದಿಂದಲೇ ಉಳಿದ ಮೂವತ್ತೊಂಬತ್ತು ಜನರನ್ನೂ ಕರೆಸಿ ಹೇಳಬಹುದು, ಕೆಸರಿನ ವಿಷಯ ಮೇಲಿನವರಿಗೆ ತಾನೇ ಬರೆಯಬಹುದು, ತಾನು ಬರೆದರೆ ಕೇಳುತ್ತಾರೆ. ಅವನ ಮನಸ್ಸು ಆಗಲೇ ಪತ್ರದ ಮೊದಲ ವಾಕ್ಯ ಜೋಡಿಸುತ್ತಿತ್ತು.

“ಇವಳು ಹೊಟ್ಟೇಲಿದ್ದಾಗ ಮಾತ್ರ ತಿಂದೆ,” ಎಂದಳು ಅವಳು, ಮಗುವಿನ ತಲೆ ಸವರುತ್ತಾ. “ನೀವೇ ಹೇಳಿದ್ರಲ್ಲ ಸಾರ್ ಆವಾಗ. ಏನೂ ತೊಂದರೆ ಇಲ್ಲ, ಒಳ್ಳೇ ದೊಡ್ಡ ಮೀನು ತಿನ್ನು, ಮಗು ಗಟ್ಟಿಯಾಗತ್ತೆ, ನಾನೂ ತಿಂತೀನಿ ಅಂತ. ನಮ್ಮ ಮನೆಯವರಿಗೆ ನಿಮ್ಮ ಮಾತು ಅಂದ್ರೆ ವೇದವಾಕ್ಯ. ವಾರಕ್ಕೊಂದು ಮೀನು ಪೆಟ್ಟಿಗೆಗೆ ಹಾಕದೆ ತೆಗೆದಿಡ್ತಿದ್ರು. ಒಂಬತ್ತು ತಿಂಗಳೂ ತಿಂದೆ.” ಉಪಕಾರ ನೆನೆಯುವವರ ದನಿಯಲ್ಲೇ ಹೇಳಿದಳು. ಹೇಳಿ ಮುಗಿಸಿದ ಮೇಲೆ, ಮಗುವಿನ ತಲೆಯ ಮೇಲಿದ್ದ ಅವಳ ಕೈ ನಿಂತಿತು. ಅವನು ನೆಲ ನೋಡುತ್ತಿದ್ದ.

“ಸಾರ್,” ಎಂದಳು. “ಇವಳಿಗೆ ಮಾತು ತಡ ಆಗಿದ್ದು... ಈ ಕೈ... ಅದರಿಂದಾನಾ?”

ಒಂದು ಮಗುವಿನ ವಿಷಯದಲ್ಲಿ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲು ಯಾವ ಯಂತ್ರಕ್ಕೂ ಬರುವುದಿಲ್ಲ. ಅದು ನಿಜ, ಆ ನಿಜದ ಹಿಂದೆ ಅಡಗಿ ಕೂರಲು ಬೇಕಾದಷ್ಟು ಜಾಗವೂ ಇತ್ತು. ಮಗು ತಲೆಯೆತ್ತಿ ಅವನನ್ನು ನೋಡಿತು. ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಈಗ ಸಿದ್ಧವಾಗಿತ್ತೋ ಏನೋ, ಬಾಯಿ ತೆರೆದು, “ಮಾತಾಡ್... ತೀನಿ,” ಎಂದಿತು.

“ಇರಬಹುದಮ್ಮ,” ಎಂದ ಅವನು.

ಅವಳು ಮಗಳನ್ನು ಹತ್ತಿರ ಎಳೆದುಕೊಂಡು ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿದಳು, ಮತ್ತೆ ಕೆಳಗಿನಿಂದ ಒಂದೊಂದಾಗಿ ಹಾಕತೊಡಗಿದಳು. ದಿನಕ್ಕೆ ಸಾವಿರ ಮೀನು ಆರಿಸುವ ಬೆರಳುಗಳಿಗೆ ಆ ಐದು ಗುಂಡಿಗೆ ಬಹಳ ಹೊತ್ತು ಹಿಡಿಯಿತು. ಅವನು ಏಳಲಿಲ್ಲ. ಕೊನೆಯ ಗುಂಡಿ ಹಾಕುತ್ತಾ, ಅವನ ಕಡೆ ನೋಡದೆ ಕೇಳಿದಳು:

“ಈ ಸಲ ಯಾರ ಕೂದಲಿಟ್ಟು ನೋಡಿದ್ರಿ?”

“ಒಳಗಿರೋ ಹುಡುಗೀದು.”

“ಹಾಗಾದ್ರೆ ಅವರನ್ನ ಕರೀರಿ,” ಎಂದಳು. “ಉಳಿದದ್ದು ಅವರ ಹತ್ರ ಕೇಳ್ತೀನಿ.”

ಅವನು ಎದ್ದು ಹೋಗಿ, ಬಾಗಿಲು ತೆರೆದು, ಹುಡುಗಿಯನ್ನು ಕರೆದ.